ಈಡಿಪಸ್ ತಪ್ಪು ಮಾಡಿದನೋ, ದಾರಿ ತಪ್ಪಿದನೋ?

ಪ್ರಶ್ನೆ: ಕಳೆದ ತಿಂಗಳು ನಮ್ಮೂರಿನ ಕಾಲೇಜು ಹುಡುಗರು ಆಡಿದ ಈಡಿಪಸ್ ನಾಟಕ ನೋಡಿದೆ. ಎರಡು ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ. ಮಗಳು ಬಿ.ಎ. ಓದುತ್ತಿದ್ದಾಳೆ. ಅವಳ ಗೈಡ್ ತೆಗೆದು ನೋಡಿದರೆ, ಹಮಾರ್ತಿಯಾ ಎಂದರೆ ನಾಯಕನ ಸ್ವಭಾವದ ದೋಷ, ಈಡಿಪಸನ ದೋಷ ಅಹಂಕಾರ ಎಂದು ಬರೆದಿದ್ದಾರೆ. ನನಗೆ ಒಪ್ಪಿಗೆ ಆಗಲಿಲ್ಲ. ಪಾಪ, ಆತ ಮಾಡಿದ ತಪ್ಪಾದರೂ ಏನು? ಹಮಾರ್ತಿಯಾ, ಹ್ಯೂಬ್ರಿಸ್, ಕಥಾರ್ಸಿಸ್ ಇವಕ್ಕೆಲ್ಲ ನಿಜವಾದ ಅರ್ಥ ಏನು? ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ: ನಿಮಗೆ ಒಪ್ಪಿಗೆ ಆಗದಿದ್ದದ್ದೇ ಸರಿ. ಗೈಡಿನ ಆ ಸಾಲನ್ನು ಎಷ್ಟೋ ವರ್ಷಗಳಿಂದ ಒಬ್ಬರನ್ನು ನೋಡಿ ಒಬ್ಬರು ಬರೆಯುತ್ತಾ ಬಂದಿದ್ದಾರೆ. ನಾಟಕವನ್ನು ಕಣ್ಣಾರೆ ನೋಡಿದವರಿಗೆ ಅದು ಹೊಂದುವುದೇ ಇಲ್ಲ. ಮೊದಲು ಹಮಾರ್ತಿಯಾದಿಂದಲೇ ಶುರು ಮಾಡೋಣ. ಅದು ಬಿಡಿಸಿಕೊಂಡರೆ ಉಳಿದದ್ದು ಸಲೀಸು.

ಈ ಮಾತನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಕನ್ನಡದವರಿಗೆ ಒಂದು ಅನುಕೂಲ ಇದೆ. ನಮ್ಮಲ್ಲಿ 'ತಪ್ಪು' ಅನ್ನುವ ಪದಕ್ಕೆ ಎರಡು ಮುಖ. 'ಅವನು ತಪ್ಪು ಮಾಡಿದ' ಅಂದರೆ ಅಪರಾಧ. 'ಗುರಿ ತಪ್ಪಿತು', 'ಲೆಕ್ಕ ತಪ್ಪಿತು', 'ದಾರಿ ತಪ್ಪಿದೆ' ಅಂದರೆ ಬೇರೆ. ಬಾಣ ಗುರಿ ತಪ್ಪಿದರೆ ಬಾಣ ಪಾಪ ಮಾಡಿತು ಎಂದು ಯಾರೂ ಹೇಳುವುದಿಲ್ಲ. ಗ್ರೀಕಿನ ಹಮಾರ್ತಿಯಾ ಹುಟ್ಟಿದ್ದು ಈ ಎರಡನೆಯ ಮುಖದಿಂದ. ಹೋಮರನ ಕಾವ್ಯದಲ್ಲಿ ವೀರರು ಎಸೆದ ಈಟಿ ಗುರಿ ತಪ್ಪಿದಾಗ ಬರುವ ಕ್ರಿಯಾಪದವೇ ಇದರ ಮೂಲ. ಮುಂದೆ ಬೈಬಲಿನ ಹೊಸ ಒಡಂಬಡಿಕೆಯನ್ನು ಗ್ರೀಕಿನಲ್ಲಿ ಬರೆದವರು ಇದೇ ಪದವನ್ನು 'ಪಾಪ' ಎಂಬ ಅರ್ಥದಲ್ಲಿ ಬಳಸಿದರು. ಆ ನೆರಳು ಹಿಂದಕ್ಕೂ ಬಿದ್ದು, ನಾಟಕದ ನಾಯಕನಲ್ಲೂ ಜನ ಪಾಪ ಹುಡುಕಲು ಹೊರಟರು.

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಕಾವ್ಯ, ನಾಟಕಗಳ ಬಗ್ಗೆ ಬರೆದ 'ಪೊಯೆಟಿಕ್ಸ್' ಪುಸ್ತಕದ 13ನೇ ಅಧ್ಯಾಯದಲ್ಲಿ ಈ ಪದ ಬಳಸುತ್ತಾನೆ. ಅವನ ಮಾತಿನ ಸಾರ ಇಷ್ಟು. ತುಂಬಾ ಒಳ್ಳೆಯವನು ಸುಮ್ಸುಮ್ನೆ ಹಾಳಾದರೆ ನೋಡುವವರಿಗೆ ಅಸಹ್ಯವಾಗುತ್ತದೆ. ಪರಮ ನೀಚ ಹಾಳಾದರೆ ಯಾರಿಗೂ ಮರುಕ ಬರುವುದಿಲ್ಲ. ಇಬ್ಬರ ನಡುವಿನವನು ಬೇಕು. ಅವನು ಕೆಡುವುದು ಕೆಟ್ಟತನದಿಂದ ಆಗಿರಬಾರದು, ಯಾವುದೋ ಒಂದು ಹಮಾರ್ತಿಯಾದಿಂದ ಆಗಿರಬೇಕು. ಗಮನಿಸಿ, 'ಕೆಟ್ಟತನದಿಂದ ಅಲ್ಲ' ಎಂದು ಅವನೇ ಬೇರ್ಪಡಿಸಿ ಹೇಳಿದ್ದಾನೆ. ಉದಾಹರಣೆಗೆ ಎರಡು ಹೆಸರು ಕೊಡುತ್ತಾನೆ. ಅದರಲ್ಲಿ ಮೊದಲನೆಯದೇ ಈಡಿಪಸ್.

ಹಾಗಾದರೆ ಈಡಿಪಸ್ ಎಲ್ಲಿ ಗುರಿ ತಪ್ಪಿದ? ನಾಟಕದ ನಡುವೆ ಅವನು ಹೆಂಡತಿ ಜೊಕಾಸ್ಟಳಿಗೆ ತನ್ನ ಹಳೆಯ ಕಥೆ ಹೇಳುತ್ತಾನಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಕೊರಿಂಥ್‌ನಲ್ಲಿ ರಾಜಕುಮಾರನಾಗಿ ಬೆಳೆಯುತ್ತಿದ್ದಾಗ, ಒಂದು ಔತಣದಲ್ಲಿ ಕುಡಿದವನೊಬ್ಬ ಇವನನ್ನು 'ನೀನು ನಿನ್ನಪ್ಪನಿಗೆ ಹುಟ್ಟಿದವನಲ್ಲ' ಎಂದು ಬಿಡುತ್ತಾನೆ. ಮನೆಯಲ್ಲಿ ಕೇಳಿದರೆ ತಂದೆ ತಾಯಿ ಸಮಾಧಾನ ಹೇಳುತ್ತಾರೆ. ಇವನಿಗೆ ಮಾತ್ರ ಆ ಮುಳ್ಳು ಹೋಗುವುದಿಲ್ಲ. ಯಾರಿಗೂ ಹೇಳದೆ ಡೆಲ್ಫಿಗೆ ಹೋಗಿ ಅಪೋಲೋ ದೇವರನ್ನು ಕೇಳುತ್ತಾನೆ. ಅವನ ಪ್ರಶ್ನೆ, ನನ್ನ ಹೆತ್ತವರು ಯಾರು? ದೇವರು ಅದಕ್ಕೆ ಉತ್ತರ ಕೊಡುವುದಿಲ್ಲ. ನೀನು ತಂದೆಯನ್ನು ಕೊಲ್ಲುತ್ತೀಯ, ತಾಯಿಯನ್ನು ಮದುವೆಯಾಗುತ್ತೀಯ ಎಂಬ ಬೇರೆಯೇ ಮಾತು ಬರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಅವನು ಹೋದದ್ದೇ ಹೆತ್ತವರು ಯಾರು ಎಂಬ ಅನುಮಾನ ಬಂದು. ಆ ಅನುಮಾನ ಹಾಗೇ ಉಳಿದಿದೆ. ಆದರೆ ಭವಿಷ್ಯವಾಣಿಯ ಭಯ ಎಷ್ಟು ದೊಡ್ಡದು ಅಂದರೆ, ಅದರ ಅಬ್ಬರದಲ್ಲಿ ಮೊದಲಿನ ಪ್ರಶ್ನೆಯೇ ಮರೆತುಹೋಗುತ್ತದೆ. ಕೊರಿಂಥ್‌ನವರೇ ನನ್ನ ಅಪ್ಪ ಅಮ್ಮ ಎಂದು ಗಟ್ಟಿ ಮಾಡಿಕೊಂಡು, ಅವರಿಗೆ ಕೇಡಾಗಬಾರದು ಅಂತ ಊರಿಗೆ ಬೆನ್ನು ಹಾಕಿ ನಡೆಯುತ್ತಾನೆ. ಮೂರು ದಾರಿ ಕೂಡುವ ಜಾಗದಲ್ಲಿ ಒಂದು ಗಾಡಿ ಎದುರಾಗುತ್ತದೆ. ಗಾಡಿಯವರು ಇವನನ್ನು ದಾರಿಯಿಂದ ತಳ್ಳುತ್ತಾರೆ. ಇವನು ಗಾಡಿ ಹೊಡೆಯುವವನಿಗೆ ಬಾರಿಸುತ್ತಾನೆ. ಒಳಗಿದ್ದ ಮುದುಕ ಎರಡು ಮೊನೆಯ ಅಂಕುಶದಿಂದ ಇವನ ನೆತ್ತಿಗೆ ಹೊಡೆಯುತ್ತಾನೆ. ಇವನು ಕೋಲಿನಿಂದ ತಿರುಗಿ ಹೊಡೆದಾಗ ಮುದುಕ ಉರುಳಿ ಬೀಳುತ್ತಾನೆ. ಆ ಮುದುಕ ಥೀಬ್ಸ್‌ನ ರಾಜ ಲೇಯಸ್. ಹೆತ್ತ ತಂದೆ. ಮುಂದೆ ಸ್ಫಿಂಕ್ಸ್ ಎಂಬ ರಾಕ್ಷಸಿಯ ಒಗಟು ಬಿಡಿಸಿ ಊರನ್ನು ಉಳಿಸಿದ್ದಕ್ಕೆ ಥೀಬ್ಸ್‌ನವರು ಸಿಂಹಾಸನವನ್ನೂ ಕೊಟ್ಟರು, ವಿಧವೆ ರಾಣಿ ಜೊಕಾಸ್ಟಳನ್ನೂ ಕೊಟ್ಟರು. ಅವಳೇ ಹೆತ್ತ ತಾಯಿ.

ಇದೇ ಹಮಾರ್ತಿಯಾ. ತಂದೆ ಯಾರು, ತಾಯಿ ಯಾರು ಎಂದು ತಿಳಿಯದೆ ಮಾಡಿದ ಕೆಲಸ. ಜೊಕಾಸ್ಟಳ ಮಗ ಅವಳ ಗಂಡನಾದದ್ದು ಅಹಂಕಾರದಿಂದ ಅಲ್ಲ. ಸಿಟ್ಟು ಇತ್ತು, ನಿಜ. ಅದನ್ನು ಮುಚ್ಚಿಡುವುದು ಬೇಡ. ದಾರಿಯಲ್ಲಿ ಇತ್ತು, ಆಮೇಲೆ ಕುರುಡು ಕಾಲಜ್ಞಾನಿ ಟೈರೀಸಿಯಸ್‌ನ ಮೇಲೆ ಕೂಗಾಡುವಾಗಲೂ ಇತ್ತು. ಭಾವಮೈದುನ ಕ್ರಿಯಾನ್ ಮೇಲೆ ಸುಮ್ನೆ ಪಿತೂರಿಯ ಆರೋಪ ಹೊರಿಸುತ್ತಾನೆ. ಆದರೆ ಈ ಸಿಟ್ಟಿನಿಂದ ಭವಿಷ್ಯವಾಣಿ ಹುಟ್ಟಲಿಲ್ಲ. ಮಗನ ಕೈಯಲ್ಲೇ ನಿನಗೆ ಸಾವು ಎಂಬ ಮಾತು ಲೇಯಸ್‌ಗೆ ಬಂದಾಗ ಈಡಿಪಸ್ ಇನ್ನೂ ಹುಟ್ಟಿರಲಿಲ್ಲ.

ಇನ್ನು ಹ್ಯೂಬ್ರಿಸ್. ಗೈಡುಗಳು ಇದನ್ನು ಹಮಾರ್ತಿಯಾ ಜೊತೆ ಕಟ್ಟಿಹಾಕಿವೆ. ಆದರೆ 'ಪೊಯೆಟಿಕ್ಸ್'ನಲ್ಲಿ ಅರಿಸ್ಟಾಟಲ್ ದುರಂತ ನಾಯಕನ ಬಗ್ಗೆ ಹೇಳುವಾಗ ಹ್ಯೂಬ್ರಿಸ್ ಪದವನ್ನು ತರುವುದೇ ಇಲ್ಲ. ಇದನ್ನು ಹೇಳಿದರೆ ಎಷ್ಟೋ ಜನ ನಂಬುವುದಿಲ್ಲ, ಪುಸ್ತಕ ತೆಗೆದು ನೋಡಿ ಅಂತೀನಿ. ಅಥೆನ್ಸಿನ ಜನರಿಗೆ ಹ್ಯೂಬ್ರಿಸ್ ಅಂದರೆ ಬರೀ ಗರ್ವ ಅಲ್ಲ. ಇನ್ನೊಬ್ಬರ ಮಾನ ಕಳೆದು ಅದರಲ್ಲಿ ಖುಷಿಪಡುವ ದರ್ಪ. ಅದಕ್ಕೆ ಅಲ್ಲಿ ಕಾನೂನೇ ಇತ್ತು, ನ್ಯಾಯಾಲಯದಲ್ಲಿ ದೂರು ಹಾಕಬಹುದಿತ್ತು. ಅರಿಸ್ಟಾಟಲ್ ಕೂಡ ಭಾಷಣಕಲೆಯ ಬಗ್ಗೆ ಬರೆದ 'ರೆಟರಿಕ್' ಪುಸ್ತಕದಲ್ಲಿ ಹೆಚ್ಚುಕಡಿಮೆ ಇದೇ ಅರ್ಥ ಕೊಡುತ್ತಾನೆ. ಗ್ರೀಕ್ ನಾಟಕಗಳಲ್ಲಿ ಈ ದರ್ಪ ಇಲ್ಲವೇ ಇಲ್ಲ ಅಂತಲ್ಲ. ಈಸ್ಕಿಲಸ್‌ನ 'ಪರ್ಷಿಯನ್ನರು' ನಾಟಕ ನಿಂತಿರುವುದೇ ಅದರ ಮೇಲೆ. ಸಮುದ್ರಕ್ಕೆ ಸೇತುವೆ ಕಟ್ಟಿ ಗ್ರೀಸನ್ನು ನುಂಗಲು ಹೊರಟ ದೊರೆ ಕ್ಸೆರ್ಕ್ಸೀಸ್ ಸೋತು, ಹರಿದ ಬಟ್ಟೆಯಲ್ಲಿ ಮನೆಗೆ ಬರುತ್ತಾನೆ. ಈಡಿಪಸ್ ನಾಟಕದಲ್ಲೂ ಮೇಳ, ಅಂದರೆ ಕೋರಸ್, ಒಂದು ಕಡೆ ಹ್ಯೂಬ್ರಿಸ್‌ನಿಂದ ದಬ್ಬಾಳಿಕೆಯ ದೊರೆ ಹುಟ್ಟುತ್ತಾನೆ ಎಂದು ಹಾಡುತ್ತದೆ. ಗೈಡಿನವರು ಹಿಡಿದುಕೊಂಡಿರುವುದು ಆ ಸಾಲನ್ನು. ಅದು ಯಾರನ್ನು ಕುರಿತ ಮಾತು ಎಂದು ವಿದ್ವಾಂಸರು ಇವತ್ತಿಗೂ ಜಗಳ ಆಡುತ್ತಾರೆ. ಒಂದು ಸಾಲಿನಿಂದ ಇಡೀ ನಾಟಕಕ್ಕೆ ಹೆಸರಿಡುವುದು ಸರಿಯಲ್ಲ.

ಇಲ್ಲಿ ಒಂದು ಕಾಲದ ಲೆಕ್ಕವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಈಡಿಪಸ್ ನಾಟಕ ಬರೆದ ಸೋಫೋಕ್ಲೀಸ್ ತೀರಿಕೊಂಡದ್ದು ಕ್ರಿ.ಪೂ. 406ರ ಸುಮಾರಿಗೆ. ಅರಿಸ್ಟಾಟಲ್ ಹುಟ್ಟಿದ್ದು ಕ್ರಿ.ಪೂ. 384ರಲ್ಲಿ. ಅಂದರೆ ನಾಟಕಕಾರನ ಮುಖವನ್ನೇ ನೋಡದವನು ಬರೆದ ಪುಸ್ತಕ ಅದು. ಸೋಫೋಕ್ಲೀಸ್ ಹಮಾರ್ತಿಯಾ ಒಂದು ಚಮಚ, ಪೆರಿಪೆಟೈಯಾ ಒಂದು ಚಮಚ ಎಂದು ಹಾಕಿ ನಾಟಕ ಕುದಿಸಲಿಲ್ಲ. ನಾಟಕ ಮೊದಲು ಬಂತು. ಈ ಪದಗಳಿಗೆ ಈಗಿನ ಕೆಲಸ ಕೊಟ್ಟವನು ಆಮೇಲೆ ಬಂದ.

ಕೊಟ್ಟ ಕೆಲಸ ಚೆನ್ನಾಗಿದೆ, ಅದರಲ್ಲಿ ಸಂಶಯ ಇಲ್ಲ. ಅದರಲ್ಲೂ ಎರಡು ಪದ ನನಗೆ ತುಂಬಾ ಇಷ್ಟ. ಒಂದು ಪೆರಿಪೆಟೈಯಾ, ಇನ್ನೊಂದು ಅನಗ್ನೊರಿಸಿಸ್. ಪೆರಿಪೆಟೈಯಾ ಅಂದರೆ ತಿರುವು. ಬರೀ ಸುಖ ಹೋಗಿ ದುಃಖ ಬರುವುದಲ್ಲ. ಒಂದು ಕೆಲಸ ಯಾವುದಕ್ಕಾಗಿ ನಡೆಯಿತೋ ಅದಕ್ಕೆ ಸರಿಯಾಗಿ ಉಲ್ಟಾ ಆಗುವುದು. ಅನಗ್ನೊರಿಸಿಸ್ ಅಂದರೆ ಗುರುತು ಸಿಗುವುದು, ಗೊತ್ತಿಲ್ಲದಿರುವಿಕೆಯಿಂದ ಗೊತ್ತಾಗುವಿಕೆಗೆ ದಾಟುವುದು. ಕಾಳಿದಾಸನ ನಾಟಕದ ಹೆಸರಿನಲ್ಲಿರುವ 'ಅಭಿಜ್ಞಾನ' ಇದಕ್ಕೆ ತೀರಾ ಹತ್ತಿರದ ಪದ. ಅಲ್ಲಿ ಉಂಗುರದಿಂದ ಗುರುತು ಸಿಗುತ್ತದೆ. ಅರಿಸ್ಟಾಟಲ್ ಇಂಥ ಗುರುತಿನ ವಸ್ತುಗಳಿಂದ ಆಗುವ ಅನಗ್ನೊರಿಸಿಸ್‌ಗೆ ಕಡಿಮೆ ಅಂಕ ಕೊಡುತ್ತಾನೆ. ಕಥೆಯ ಓಟದಿಂದಲೇ ತಾನಾಗಿ ಹುಟ್ಟುವ ಗುರುತು ಅವನಿಗೆ ಮೇಲು. ಅದು ತಿರುವಿನ ಜೊತೆಯಲ್ಲೇ ಬಂದರೆ ಎಲ್ಲಕ್ಕಿಂತ ಮೇಲು. ಅದಕ್ಕೆ ಅವನ ಉದಾಹರಣೆ ಮತ್ತೆ ಈಡಿಪಸ್.

ಆ ದೃಶ್ಯವನ್ನು ನೀವು ನೋಡಿದ್ದೀರಿ. ಕೊರಿಂಥ್‌ನಿಂದ ಒಬ್ಬ ಮುದುಕ ಸಿಹಿ ಸುದ್ದಿ ತರುತ್ತಾನೆ. ನಿಮ್ಮ ತಂದೆ ಪಾಲಿಬಸ್ ವಯಸ್ಸಾಗಿ ತೀರಿಕೊಂಡರು, ಇನ್ನು ನೀವೇ ದೊರೆ. ಈಡಿಪಸನಿಗೆ ಅರ್ಧ ಭಾರ ಇಳಿಯುತ್ತದೆ. ತಂದೆಯನ್ನು ಕೊಲ್ಲುವ ಮಾತು ಸುಳ್ಳಾಯಿತಲ್ಲ! ಆದರೆ ತಾಯಿ ಇನ್ನೂ ಬದುಕಿದ್ದಾಳೆ, ಆ ಭಯ ಇದೆ ಅನ್ನುತ್ತಾನೆ. ಮುದುಕನಿಗೆ ಪಾಪ, ಆ ಭಯವನ್ನೂ ಕಳೆಯುವ ಆಸೆ. ಚಿಂತೆ ಮಾಡಬೇಡಿ, ಅವರು ನಿಮ್ಮ ಹೆತ್ತವರೇ ಅಲ್ಲ, ಕಾಲಿಗೆ ತೂತು ಹಾಕಿ ಕಟ್ಟಿದ್ದ ಕೂಸನ್ನು ನಾನೇ ಬೆಟ್ಟದಿಂದ ತಂದು ಕೊಟ್ಟೆ ಎನ್ನುತ್ತಾನೆ. ಭಯ ಕಳೆಯಲು ಆಡಿದ ಮಾತೇ ಭಯದ ಬಾಗಿಲು ತೆಗೆಯಿತು. ಇದೇ ಪೆರಿಪೆಟೈಯಾ.

ಇಲ್ಲೇ ಸೋಫೋಕ್ಲೀಸ್ ಇನ್ನೊಂದು ಕೆಲಸ ಮಾಡಿದ್ದಾನೆ. ಗುರುತು ಸಿಗುವುದು ಒಂದು ಸಲ ಅಲ್ಲ, ಎರಡು ಸಲ. ಮುದುಕ ಮಾತಾಡುತ್ತಿರುವಾಗಲೇ ಜೊಕಾಸ್ಟಳಿಗೆ ಎಲ್ಲ ತಿಳಿದುಹೋಗಿದೆ. ಅವಳು ಅಲ್ಲೇ ನಿಂತಿದ್ದಾಳೆ. ಈಡಿಪಸ್ ಇನ್ನೂ ಕೇಳುತ್ತಲೇ ಇದ್ದಾನೆ. ಇನ್ನು ಕೆದಕಬೇಡ ಎಂದು ಬೇಡಿಕೊಂಡು, ಆಗದೆ, ಅವಳು ಒಳಗೆ ಹೋಗುತ್ತಾಳೆ. ಮತ್ತೆ ಹೊರಗೆ ಬರುವುದಿಲ್ಲ. ಆಮೇಲೆ ಕುರುಬನನ್ನು ಕರೆತರುತ್ತಾರೆ. ಲೇಯಸ್ ಸತ್ತಾಗ ತಪ್ಪಿಸಿಕೊಂಡ ಆಳೂ ಅವನೇ, ಅಂದು ಬೆಟ್ಟದಲ್ಲಿ ಕೊರಿಂಥ್‌ನ ಮುದುಕನಿಗೆ ಕೂಸನ್ನು ಕೊಟ್ಟವನೂ ಅವನೇ. ಅವನು ಬಾಯಿ ಬಿಡಲು ಒಪ್ಪುವುದಿಲ್ಲ. ಕೊನೆಗೆ, ಹೇಳಬಾರದ ಮಾತಿನ ಅಂಚಿಗೆ ಬಂದೆ ಅನ್ನುತ್ತಾನೆ. ಈಡಿಪಸ್ ಹೇಳುತ್ತಾನೆ: ನಾನು ಕೇಳಬಾರದ ಮಾತಿನ ಅಂಚಿಗೆ ಬಂದೆ, ಆದರೂ ಕೇಳಲೇಬೇಕು. ಆ 'ಕೇಳಲೇಬೇಕು' ಎಂಬ ಮಾತಿಗೆ ನಾನು ಇವತ್ತಿಗೂ ತಲೆಬಾಗುತ್ತೇನೆ. ಅಹಂಕಾರಿಯ ಮಾತು ಅದಲ್ಲ. ಊರಿಗೆ ಹಿಡಿದ ಪಿಡುಗು ಹೋಗಬೇಕಾದರೆ ಲೇಯಸ್‌ನನ್ನು ಕೊಂದವನು ಯಾರು ಎಂಬ ಸತ್ಯ ಸಿಗಬೇಕು ಎಂದು ಹೊರಟವನ ಮಾತು ಅದು. ಡೆಲ್ಫಿಯಲ್ಲಿ ಅರ್ಧಕ್ಕೆ ಬಿಟ್ಟ ಪ್ರಶ್ನೆಯನ್ನು ಅವನು ಈಗ ಕೊನೆವರೆಗೂ ಕೇಳುತ್ತಿದ್ದಾನೆ. ಅವನ ಹೆಸರಲ್ಲೂ ಈ ಆಟ ಇದೆ. ಈಡಿಪಸ್ ಅಂದರೆ ಬಾತ ಕಾಲಿನವನು. ಆದರೆ ಆ ಹೆಸರಿನ ಮೊದಲ ಭಾಗ ಗ್ರೀಕರ ಕಿವಿಗೆ 'ನನಗೆ ಗೊತ್ತು' ಎಂಬ ಪದದ ಹಾಗೂ ಕೇಳಿಸುತ್ತಿತ್ತು.

ನೋಡಲು ಕೂತ ಜನಕ್ಕೆ ಕಥೆ ಮೊದಲೇ ಗೊತ್ತಿತ್ತು ಅನ್ನುವುದನ್ನು ಮರೆಯಬೇಡಿ. ಹಾಗಾಗಿ ಮುಂದೇನು ಎಂಬ ಕುತೂಹಲದ ನಾಟಕ ಇದಲ್ಲ. ಈಡಿಪಸ್ ಶುರುವಿನಲ್ಲೇ ಕೊಲೆಗಾರನಿಗೆ ಶಾಪ ಹಾಕಿ, ಲೇಯಸ್ ನನ್ನ ಸ್ವಂತ ತಂದೆಯೋ ಎಂಬಂತೆ ಅವನ ಪರವಾಗಿ ಹೋರಾಡುತ್ತೇನೆ ಅನ್ನುತ್ತಾನೆ. ಸಾವಿರಾರು ಜನರ ಮೈ ಜುಂ ಅಂದಿರಬೇಕು.

ಈಗ 'ದುರಂತ' ಎಂಬ ಪದ. ನಾವು ಟ್ರ್ಯಾಜಿಡಿಗೆ ದುರಂತ ನಾಟಕ ಅನ್ನುತ್ತೇವೆ, ಅಂದರೆ ಕೆಟ್ಟ ಕೊನೆ. ಗ್ರೀಕ್ ಪದದಲ್ಲಿ ಕೊನೆಯ ಸುದ್ದಿಯೇ ಇಲ್ಲ. ತ್ರಾಗೋಸ್ ಅಂದರೆ ಹೋತ, ಓಡೆ ಅಂದರೆ ಹಾಡು. ಹೋತದ ಹಾಡು! ಗೆದ್ದವರಿಗೆ ಹೋತ ಬಹುಮಾನ ಕೊಡುತ್ತಿದ್ದರು ಎಂದು ಕೆಲವರು, ಹೋತವನ್ನು ಬಲಿ ಕೊಡುವಾಗ ಹಾಡುತ್ತಿದ್ದರು ಎಂದು ಕೆಲವರು. ಹೇಗಿದ್ದರೂ ಎಲ್ಲ ಟ್ರ್ಯಾಜಿಡಿ ಸಾವಿನಲ್ಲಿ ಮುಗಿಯಬೇಕು ಅನ್ನುವ ನಿಯಮ ಇರಲಿಲ್ಲ. ಯೂರಿಪಿಡೀಸನ ಒಂದು ನಾಟಕದಲ್ಲಿ ಇಫಿಜಿನೈಯಾ ದೂರದ ನಾಡಿನಲ್ಲಿ ಪೂಜಾರಿಣಿ. ಅಲ್ಲಿಗೆ ಬಂದ ಅಪರಿಚಿತನನ್ನು ಬಲಿಗೆ ಸಿದ್ಧ ಮಾಡಬೇಕು. ಒಂದು ಕಾಗದದ ನೆಪದಲ್ಲಿ ಅವನು ತನ್ನ ತಮ್ಮ ಎಂದು ಗೊತ್ತಾಗುತ್ತದೆ, ಇಬ್ಬರೂ ಪಾರಾಗುತ್ತಾರೆ. ಇದೂ ಟ್ರ್ಯಾಜಿಡಿಯೇ. ಅಷ್ಟೇ ಅಲ್ಲ, ಕೆಡುಕು ಆಗುವ ಮುಂಚೆ ಗುರುತು ಸಿಕ್ಕಿ ಅದು ತಪ್ಪಿಹೋಗುವ ಈ ಬಗೆಯೇ ಉತ್ತಮ ಎಂದು ಅರಿಸ್ಟಾಟಲ್ 14ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಕೇಡಿನಲ್ಲಿ ಮುಗಿಯುವ ಕಥೆಯೇ ಮೇಲು ಎಂದು ಒಂದು ಅಧ್ಯಾಯದ ಹಿಂದೆ ಹೇಳಿದ್ದಕ್ಕೂ ಇದಕ್ಕೂ ಹೊಂದಿಸುವುದು ಕಷ್ಟ, ಅದು ಬೇರೆ ಮಾತು. ಕನ್ನಡದಲ್ಲಿ 'ರುದ್ರನಾಟಕ' ಎಂಬ ಪದವೂ ಇದೆ. ನನಗೆ ಅದೇ ಹೆಚ್ಚು ಸರಿ ಅನ್ನಿಸುತ್ತದೆ, ಯಾಕೆಂದರೆ ಅದು ಕೊನೆಯನ್ನು ಹೇಳುವುದಿಲ್ಲ, ಅನುಭವವನ್ನು ಹೇಳುತ್ತದೆ. ಸೋಫೋಕ್ಲೀಸನ 'ಏಜಾಕ್ಸ್' ನಾಟಕವನ್ನು ಬಿ.ಎಂ.ಶ್ರೀಯವರು 1929ರಲ್ಲಿ 'ಅಶ್ವತ್ಥಾಮನ್' ಆಗಿ ಕನ್ನಡಕ್ಕೆ ತಂದರು. ಮಗಳಿಗೆ ಅದನ್ನು ಓದಲು ಹೇಳಿ. ಪಿ. ಲಂಕೇಶರು ಮಾಡಿದ ಈಡಿಪಸ್ ಅನುವಾದವನ್ನೂ ಓದಲಿ.

ರಂಗದ ಪದಗಳನ್ನು ಬೇಗ ಮುಗಿಸುತ್ತೇನೆ. ಅಥೆನ್ಸ್‌ನಲ್ಲಿ ವಸಂತದಲ್ಲಿ ಡಯೊನೈಸಸ್ ದೇವರ ಹಬ್ಬ. ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಜನ ಕೂರುತ್ತಿದ್ದ ಜಾಗ ಥಿಯಾಟ್ರಾನ್, ಅಂದರೆ ನೋಡುವ ಜಾಗ. ಕೆಳಗೆ ಕುಣಿಯುವ ಅಂಗಳ ಆರ್ಕೆಸ್ಟ್ರಾ. ಅದರ ಹಿಂದೆ ಸ್ಕೀನೆ, ಅಂದರೆ ಗುಡಾರ, ವೇಷ ಬದಲಿಸಿಕೊಳ್ಳಲು. ಥಿಯೇಟರ್, ಆರ್ಕೆಸ್ಟ್ರಾ, ಸೀನ್ ಎಂದು ನಾವು ದಿನಾ ಬಳಸುವ ಪದಗಳು ಹುಟ್ಟಿದ್ದು ಇಲ್ಲೇ. ಮೂವರು ಕವಿಗಳ ನಡುವೆ ಸ್ಪರ್ಧೆ. ಒಬ್ಬೊಬ್ಬರದೂ ಮೂರು ಟ್ರ್ಯಾಜಿಡಿ, ಜೊತೆಗೆ ನಗೆಯ ಒಂದು ಸ್ಯಾಟರ್ ನಾಟಕ. ಸೋಫೋಕ್ಲೀಸ್ ಮೂರನೇ ನಟನನ್ನು ತಂದ ಎಂದು ಅರಿಸ್ಟಾಟಲ್ ಹೇಳುತ್ತಾನೆ. ಮೂವರೇ ಗಂಡಸರು ಮುಖವಾಡ ಬದಲಿಸಿಕೊಂಡು ಎಲ್ಲ ಪಾತ್ರ ಮಾಡಬೇಕು, ಜೊಕಾಸ್ಟಳೂ ಸೇರಿ. ಸಾವು ನೋವು ಸಾಮಾನ್ಯವಾಗಿ ಒಳಗೆ ನಡೆಯುತ್ತದೆ, ದೂತ ಬಂದು ಹೇಳುತ್ತಾನೆ. ಜೊಕಾಸ್ಟಳ ಸೀರೆಪಿನ್ನಿನಂಥ ಚಿನ್ನದ ಪಿನ್ನುಗಳಿಂದ ಈಡಿಪಸ್ ಕಣ್ಣು ಚುಚ್ಚಿಕೊಂಡದ್ದನ್ನು ನಾವು ಕಾಣುವುದಿಲ್ಲ, ಕೇಳುತ್ತೇವೆ. ಕೇಳಿದ್ದೇ ಜಾಸ್ತಿ ನಾಟುತ್ತದೆ, ಅಲ್ವಾ?

ಕೋರಸ್ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಕನ್ನಡದಲ್ಲಿ ಅದನ್ನು ಮೇಳ ಎನ್ನುತ್ತೇವೆ, ಒಳ್ಳೆಯ ಪದ. ಆದರೆ ನಮಗೆ ಯಕ್ಷಗಾನದ ಭಾಗವತರು ನೆನಪಾಗುತ್ತಾರೆ. ಭಾಗವತರು ಕಥೆಯ ಹೊರಗೆ ಕೂತು ಆಟವನ್ನು ನಡೆಸುತ್ತಾರೆ. ಅವರಿಗೆ ಮುಂದಿನದೆಲ್ಲ ಗೊತ್ತು. ಗ್ರೀಕ್ ಮೇಳ ಕಥೆಯ ಒಳಗಿನ ಜನ. ಈ ನಾಟಕದಲ್ಲಿ ಅವರು ಥೀಬ್ಸ್‌ನ ಹಿರಿಯರು, 15 ಮಂದಿ. ಅವರಿಗೂ ಏನೂ ಗೊತ್ತಿಲ್ಲ. ಹೆದರುತ್ತಾರೆ, ಪ್ರಾರ್ಥಿಸುತ್ತಾರೆ, ತಪ್ಪಾಗಿ ಊಹಿಸುತ್ತಾರೆ. ಈಡಿಪಸ್ ಯಾವುದೋ ದೇವರ ಮಗ ಇರಬೇಕು ಎಂದು ಕುಣಿದು ಹಾಡುತ್ತಾರೆ, ಅದೂ ಸತ್ಯ ಬಯಲಾಗುವ ಕೆಲವೇ ನಿಮಿಷ ಮುಂಚೆ! ಹಾಗಾಗಿ ಮೇಳ ಹಾಡಿದ್ದೆಲ್ಲ ಕವಿಯ ತೀರ್ಪು ಎಂದು ತಿಳಿಯಬಾರದು. ಹ್ಯೂಬ್ರಿಸ್ ಬಗ್ಗೆ ಅವರು ಹಾಡಿದ್ದಕ್ಕೂ ಇದೇ ಮಾತು.

ಉಳಿದದ್ದು ಕಥಾರ್ಸಿಸ್. ಟ್ರ್ಯಾಜಿಡಿ ಮರುಕ ಮತ್ತು ಭಯದ ಮೂಲಕ ಅಂಥ ಭಾವಗಳ ಕಥಾರ್ಸಿಸ್ ಮಾಡುತ್ತದೆ ಎಂದು ಅರಿಸ್ಟಾಟಲ್ 6ನೇ ಅಧ್ಯಾಯದಲ್ಲಿ ಒಂದೇ ಒಂದು ಸಲ ಹೇಳಿ ಮುಂದೆ ಹೋಗುತ್ತಾನೆ. ಬಿಡಿಸಿ ಹೇಳುವುದಿಲ್ಲ. ತನ್ನ 'ಪಾಲಿಟಿಕ್ಸ್' ಪುಸ್ತಕದಲ್ಲಿ, ಇದನ್ನು ಕಾವ್ಯದ ಬಗ್ಗೆ ಬರೆಯುವಾಗ ವಿವರಿಸುತ್ತೇನೆ ಎಂದಿದ್ದಾನೆ. ನಮ್ಮ ಕೈಗೆ ಸಿಕ್ಕ ಪುಸ್ತಕದಲ್ಲಿ ಆ ವಿವರಣೆ ಇಲ್ಲ. ಹಾಗಾಗಿ ಎರಡು ದಾರಿ. ಆ ಪದವನ್ನು ಗ್ರೀಕ್ ವೈದ್ಯರು ಹೊಟ್ಟೆ ತೊಳೆಯುವುದಕ್ಕೆ ಬಳಸುತ್ತಿದ್ದರು, ಪೂಜಾರಿಗಳು ಮೈಲಿಗೆ ಕಳೆಯುವುದಕ್ಕೆ ಬಳಸುತ್ತಿದ್ದರು. ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಪದ ಇವೆ. 'ಭಾವವಿರೇಚನ' ಅಂದವರು ವೈದ್ಯರ ದಾರಿ ಹಿಡಿದರು. 'ಭಾವಶುದ್ಧಿ' ಅಂದವರು ಪೂಜಾರಿಗಳ ದಾರಿ ಹಿಡಿದರು. ಮಗಳ ಗೈಡಿನಲ್ಲಿ ಯಾವುದಿದೆ ನೋಡಿ, ಬರೆದವರ ಒಲವು ಗೊತ್ತಾಗುತ್ತದೆ.

ನನ್ನ ಒಲವು ಶುದ್ಧಿಯ ಕಡೆಗೆ. ಅಳು ಬಂದು ಹಗುರಾದೆ ಎಂಬಷ್ಟೇ ಆದರೆ ನಿಮಗೆ ಎರಡು ದಿನ ಸಮಾಧಾನ ಹೋಗುತ್ತಿರಲಿಲ್ಲ. ಅರಿಸ್ಟಾಟಲನ ಗುರು ಪ್ಲೇಟೋ ಕವಿಗಳ ಮೇಲೆ ದೂರು ಹೇಳಿದ್ದ. ಒಣಗಬೇಕಾದ ಭಾವಗಳಿಗೆ ಇವರು ನೀರು ಹಾಕಿ ಬೆಳೆಸುತ್ತಾರೆ ಎಂದಿದ್ದ. ಶಿಷ್ಯನ ಉತ್ತರ ಕಥಾರ್ಸಿಸ್. ಮರುಕ ಬರುವುದು ಅರ್ಹನಲ್ಲದವನಿಗೆ ಕಷ್ಟ ಬಂದಾಗ, ಭಯ ಬರುವುದು ಅವನು ನಮ್ಮ ಹಾಗೇ ಇದ್ದಾಗ. ಗೈಡಿನ ಲೆಕ್ಕದಂತೆ ಈಡಿಪಸ್ ಅಹಂಕಾರಕ್ಕೆ ಶಿಕ್ಷೆ ಪಡೆದ ಎಂದುಕೊಂಡರೆ ಎರಡೂ ಕರಗಿಹೋಗುತ್ತವೆ. ಬೇಕಿತ್ತು ಅವನಿಗೆ ಅಂದುಕೊಂಡು ಮನೆಗೆ ಹೋಗಬಹುದು. ನಾನು ಅಹಂಕಾರಿ ಅಲ್ಲವಲ್ಲ, ನನಗೆ ಭಯ ಇಲ್ಲ ಎಂದೂ ಅಂದುಕೊಳ್ಳಬಹುದು. ನಿಮಗೆ ಹಾಗೆ ಅನ್ನಿಸಲಿಲ್ಲ. ಹುಡುಗರು ನಾಟಕ ಚೆನ್ನಾಗಿ ಆಡಿದ್ದಾರೆ.

ಮಗಳು ಪರೀಕ್ಷೆಯಲ್ಲಿ ಏನು ಬರೆಯಬೇಕು ಅನ್ನುವ ಚಿಂತೆ ನಿಮಗೆ ಇರಬಹುದು. 'ಸ್ವಭಾವದ ದೋಷ ಎಂದು ಹಲವರು ಹೇಳುತ್ತಾರೆ, ಆದರೆ ಅರಿಸ್ಟಾಟಲನ ಮಾತಿಗೆ ಹತ್ತಿರದ ಅರ್ಥ ತಿಳಿಯದೆ ಆದ ತಪ್ಪು' ಎಂದು ಬರೆದು, ಮೂರು ದಾರಿಯ ಕಥೆ ಹೇಳಿ, 13ನೇ ಅಧ್ಯಾಯವನ್ನು ಹೆಸರಿಸಲಿ. ಒಳ್ಳೆಯ ಮೇಷ್ಟ್ರು ಯಾರೂ ಅದಕ್ಕೆ ಅಂಕ ಕಡಿಮೆ ಮಾಡುವುದಿಲ್ಲ.

ಕೊನೆಗೆ ನಿಮ್ಮ ಮೂಲ ಪ್ರಶ್ನೆ. ಆತ ಮಾಡಿದ ತಪ್ಪಾದರೂ ಏನು ಎಂದಿರಿ. ಸೋಫೋಕ್ಲೀಸನೂ ಆ ಪ್ರಶ್ನೆಯನ್ನು ಬಿಡಲಿಲ್ಲ. ಸುಮಾರು 90ರ ಹತ್ತಿರದ ವಯಸ್ಸಿನಲ್ಲಿ 'ಕೊಲೊನಸ್‌ನಲ್ಲಿ ಈಡಿಪಸ್' ಎಂಬ ನಾಟಕ ಬರೆದ. ಅವನು ತೀರಿಕೊಂಡ ಮೇಲೆ ಕ್ರಿ.ಪೂ. 401ರಲ್ಲಿ ಮೊಮ್ಮಗ ಅದನ್ನು ಆಡಿಸಿದ. ಅದರಲ್ಲಿ ಈಡಿಪಸ್ ಕುರುಡು ಮುದುಕ. ಮಗಳ ಕೈ ಹಿಡಿದು ಊರೂರು ಅಲೆದು ಅಥೆನ್ಸಿನ ಅಂಚಿಗೆ ಬಂದಿದ್ದಾನೆ. ಅಲ್ಲಿಗೂ ಬಂದ ಕ್ರಿಯಾನ್ ಎಲ್ಲರ ಮುಂದೆ ಹಳೆಯದನ್ನು ಎತ್ತಿ ಹಂಗಿಸುತ್ತಾನೆ. ಆಗ ಆ ಮುದುಕ ತಿರುಗಿ ಕೇಳುತ್ತಾನೆ. ಈಗ ಇಲ್ಲೇ ಯಾರಾದರೂ ನಿನ್ನನ್ನು ಕೊಲ್ಲಲು ಬಂದರೆ ಏನು ಮಾಡುತ್ತೀಯ? ನೀನು ನನ್ನ ಅಪ್ಪನೇ ಎಂದು ಮೊದಲು ವಿಚಾರಿಸುತ್ತೀಯಾ, ಇಲ್ಲ ತಿರುಗಿ ಹೊಡೆಯುತ್ತೀಯಾ?